ನಡುವಿನ ಆರು ನಿಮಿಷ

೧೯೭೭, ಏಪ್ರಿಲ್ ೪, ಸೋಮವಾರ

ಈ ಡೈರಿಯನ್ನು ಜನವರಿಯಲ್ಲಿ ತಂದದ್ದು ಮೈಕ್ ಸೆಟ್ಟಿನ ಬುಕ್ಕಿಂಗ್ ಬರೆದಿಡಲು. ಯಾವ ಊರು, ಯಾರ ಮನೆ ಮದುವೆ, ಎಷ್ಟು ಹಾರನ್ ಸ್ಪೀಕರು, ಎಷ್ಟು ಸರ ಬಲ್ಬು. ಈಗ ಅದೆಲ್ಲ ನನ್ನ ಬಾಮೈದ ಮುನಿಯಲ್ಲಪ್ಪನ ಜೇಬು ಸೇರಿದೆ. ನನಗೆ ಉಳಿದದ್ದು ಖಾಲಿ ಹಾಳೆ, ಒಂದು ಮಂಚ, ಬಿದಿರುದಬ್ಬೆ ಕಟ್ಟಿದ ಬಲಗಾಲು. ಶ್ರೀನಿವಾಸಪುರದ ನಮ್ಮ ಅಂಗಡಿಯ ಹಿಂದಿನ ಹತ್ತಡಿ ಕೋಣೆ ಇದು. ಇರುವುದು ಒಂದೇ ಕಿಟಕಿ. ಅದರಾಚೆ ಟ್ರಾನ್ಸ್‌ಫಾರ್ಮರ್ ಕಂಬ.

ಹೋದ ಸೋಮವಾರ ಗೌನಿಪಲ್ಲಿಯಲ್ಲಿ ರಾಮನವಮಿಗೆಂದು ಹುಣಸೆಮರಕ್ಕೆ ಹಾರನ್ ಕಟ್ಟುತ್ತಿದ್ದೆ. ಕೊಂಬೆ ಮುರಿಯುತ್ತಿದೆ ಅಂತ ಕೆಳಗಿದ್ದವರು ಕೂಗಿದರಂತೆ. ನನಗೆ ಕೇಳಿಸಲಿಲ್ಲ. ಬಿದ್ದವನಿಗೆ ಯಾವಾಗಲೂ ಆಮೇಲೆ ಬುದ್ಧಿ ಹೇಳುವವರೇ ಜಾಸ್ತಿ. ಮೂಳೆ ಕಟ್ಟಿಗೆ ಹೆಸರಾದ ಆಂಧ್ರದ ಪುತ್ತೂರಿಗೆ ಹೊತ್ತುಕೊಂಡು ಹೋಗಿ ಕಟ್ಟು ಹಾಕಿಸಿದರು. ಎರಡು ತಿಂಗಳು ಕಾಲು ನೆಲಕ್ಕೆ ತಾಗಿಸಬಾರದಂತೆ.

ಮೇ ೨೭ಕ್ಕೆ ರಾಯಲ್ಪಾಡಿನ ದೊಡ್ಡಮುನಿಯಪ್ಪನವರ ಮಗಳ ಮದುವೆ. ಸುತ್ತ ನಲವತ್ತು ಹಳ್ಳಿಗೆ ಗೊತ್ತಿರುವ ಮಾವಿನತೋಪಿನ ಮನೆ ಅದು. ಯುಗಾದಿಗೆ ಬಂದು ಎಲೆಅಡಿಕೆ ಕೊಟ್ಟು ಹೇಳಿ ಹೋಗಿದ್ದಾರೆ: "ಆಂಪ್ಲಿಫೈಯರ್ ಮುಂದೆ ನೀನೇ ಕೂತ್ಕೋಬೇಕು ಕೋದಂಡರಾಮಪ್ಪ. ಬೇರೆ ಯಾರ್ನೂ ಕೂರಿಸ್ಬೇಡ." ಅಷ್ಟರೊಳಗೆ ಎದ್ದು ಆ ಕುರ್ಚಿಯಲ್ಲಿ ಕೂರದಿದ್ದರೆ, ಹದಿನಾರು ವರ್ಷದ 'ಕೋದಂಡನ ಸೆಟ್ಟು' ಒಂದೇ ಸೀಸನ್ನಿನಲ್ಲಿ 'ಮುನಿಯಲ್ಲಪ್ಪನ ಸೆಟ್ಟು' ಆಗುತ್ತದೆ. ಕೂತೇ ಕೂರುತ್ತೇನೆ.

ಏಪ್ರಿಲ್ ೭, ಗುರುವಾರ

ಹಾಡಿನ ಪ್ಲೇಟುಗಳೆಲ್ಲ ಸೆಟ್ಟಿನ ಜೊತೆ ಮಾಲೂರಿನ ಮದುವೆಗೆ ಹೋಗಿವೆ. ಅಂಗಡಿಯಲ್ಲಿ ಉಳಿದಿರುವುದು ಸೆಲ್ ಹಾಕಿ ನಡೆಸುವ ಪೆಟ್ಟಿಗೆ ಪ್ಲೇಯರ್, ಮತ್ತು ಯಾರಿಗೂ ಬೇಡವಾದ ಒಂದೇ ಒಂದು ಇಂಗ್ಲಿಷ್ ಎಲ್ಪಿ.

ಮೂರು ವರ್ಷದ ಹಿಂದೆ ಕೆ.ಜಿ.ಎಫ್.ನ ಗಣಿಯ ಆಂಗ್ಲೋ ಇಂಡಿಯನ್ ಫೋರ್‌ಮನ್ ಒಬ್ಬ ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಒಂದು ಪೆಟ್ಟಿಗೆ ಪ್ಲೇಟು ಕೊಂಡಿದ್ದೆ. ಮಿಕ್ಕಿದ್ದನ್ನೆಲ್ಲ ನೋಡದೆ ಎತ್ತಿಕೊಟ್ಟ ಮನುಷ್ಯ ಇದೊಂದನ್ನು ಮಾತ್ರ ಎರಡು ಸಲ ಪೆಟ್ಟಿಗೆಯಿಂದ ವಾಪಸು ತೆಗೆದ, ಮತ್ತೆ ಹಾಕಿದ. "ನಡುವಿನ ಭಾಗ ಇದೆಯಲ್ಲ, ಅದನ್ನ ಒಬ್ಬನೇ ಕೂತು ಕೇಳು," ಅಂದ. ನಾನು ಯಾವತ್ತು ಒಬ್ಬನೇ ಕೂತಿದ್ದೆ? ರಟ್ಟಿನ ಮೇಲೆ ಒಂದು ಬಯಲು, ಬಯಲಲ್ಲಿ ಗೋಡೆಯಿಲ್ಲದೆ ನಿಂತ ಒಂದು ಬಾಗಿಲು. ಹಿಂದೆ ನಾಲ್ಕು ಜನ ಗಡ್ಡದವರು. ಒಂದು ಮಗ್ಗುಲಿಗೆ ಒಂದೇ ಹಾಡು, ಇಪ್ಪತ್ತಮೂರು ನಿಮಿಷ.

ಇವತ್ತು ಬೇಜಾರಿಗೆ ಹಾಕಿದೆ. ಮೊದಲು ಚೆನ್ನಾಗಿಯೇ ಹೊರಟಿತು. ಡೋಲು, ಹಾರ್ಮೋನಿಯಂ ತರದ್ದೇನೋ ದೊಡ್ಡ ವಾದ್ಯ, ಎದೆಗೆ ಬಂದು ಬಡಿಯುವ ತಂತಿ. ಹನ್ನೊಂದನೇ ನಿಮಿಷಕ್ಕೆ ಎಲ್ಲ ನಿಂತುಹೋಯಿತು. ಪ್ಲೇಟು ತಿರುಗುತ್ತಿದೆ, ಮುಳ್ಳು ಓಡುತ್ತಿದೆ, ಶಬ್ದವಿಲ್ಲ. ಗೋಡೆ ಗಡಿಯಾರ ನೋಡಿಕೊಂಡೆ. ಪೂರ್ತಿ ಆರು ನಿಮಿಷ. ಆಮೇಲೆ ಡೋಲು ಧಡಾರನೆ ವಾಪಸು ಬಂತು.

ನಮ್ಮ ಕಸುಬಿನಲ್ಲಿ ಅರ್ಧ ನಿಮಿಷ ಶಬ್ದ ನಿಂತರೆ ಉಣ್ಣುತ್ತಿರುವವರು ಎಲೆಯಿಂದ ತಲೆ ಎತ್ತುತ್ತಾರೆ. ಒಂದು ಪ್ಲೇಟು ಮುಗಿಯುವ ಮೊದಲೇ ಇನ್ನೊಂದು ಕೈಯಲ್ಲಿರಬೇಕು. ಅದಕ್ಕೇ ಹದಿನಾರು ವರ್ಷ ಹಾರನ್ ಬುಡದಲ್ಲೇ ಕೂತು ಉಂಡವನು ನಾನು. ಆರು ನಿಮಿಷದ ಮೌನವನ್ನು ಪ್ಲೇಟು ಮಾಡಿ ಮಾರಿದವರ ಧೈರ್ಯ ಮೆಚ್ಚಬೇಕು. ಫೋರ್‌ಮನ್ ನನಗೆ ಟೋಪಿ ಹಾಕಿದ.

ಏಪ್ರಿಲ್ ೧೦, ಭಾನುವಾರ

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ವೆಂಕಟರಾಯಪ್ಪನವರು ಕಾಲು ನೋಡಲು ಬಂದಿದ್ದರು. ರಟ್ಟಿನೊಳಗೆ ಫೋರ್‌ಮನ್ ಮಡಿಸಿಟ್ಟಿದ್ದ ಇಂಗ್ಲಿಷ್ ಪೇಪರಿನ ತುಂಡೊಂದು ಸಿಕ್ಕಿತು. ಓದಿ ಹೇಳಿದರು. ಈ ಜಾತಿಯ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಅನ್ನುತ್ತಾರಂತೆ. ಆ ದೇಶದಲ್ಲಿ ಈ ಪ್ಲೇಟಿಗೆ ಬಹಳ ದೊಡ್ಡ ಹೆಸರಂತೆ. ಅದರಲ್ಲೂ ನಡುವಿನ ಆರು ನಿಮಿಷ ನೂರು ವರ್ಷ ಉಳಿಯುತ್ತದಂತೆ.

"ಪ್ರೊಗ್ರೆಸ್ ಅಂದ್ರೆ ಮುಂದಕ್ಕೆ ಹೋಗೋದು ತಾನೇ ಮೇಷ್ಟ್ರೇ? ಇದು ನಡುದಾರೀಲಿ ನಿಂತೇ ಹೋಗಿದೆ," ಅಂದೆ.

ಹಾಕಿಸಿಕೊಂಡು ಕೇಳಿದರು. ನಡುವಿನ ಭಾಗ ಬಂದಾಗ ಕಣ್ಣು ಮುಚ್ಚಿ ತಲೆದೂಗಿದರು. "ಕೊಳಲು ಎಷ್ಟು ಚೆನ್ನಾಗಿ ನುಡಿಸ್ತಾನಪ್ಪ," ಅಂದರು. ನನಗೆ ನಗು ತಡೆಯಲಾಗಲಿಲ್ಲ. ಪೇಪರಿನಲ್ಲಿ ಕೊಳಲು ಅಂತ ಬರೆದಿತ್ತು, ಅವರಿಗೆ ಕೊಳಲು ಕೇಳಿಸಿತು. ಓದಿದವರು ಓದಿದ್ದನ್ನೇ ಕೇಳಿಸಿಕೊಳ್ಳುತ್ತಾರೆ. ಹೆಸರು ಅನ್ನುವುದು ಹುಟ್ಟುವುದೂ ಹೀಗೆಯೇ ಇರಬೇಕು. ಒಬ್ಬ ಹೇಳಿದ, ಹತ್ತು ಜನ ತಲೆದೂಗಿದರು.

ಏಪ್ರಿಲ್ ೧೪, ಗುರುವಾರ

ಈ ಸಲ ಮಾವು ಕಾಯಿ ಕಟ್ಟಿದರೂ ಕೋಗಿಲೆ ಕೂಗಲಿಲ್ಲ. ಗುಬ್ಬಿಗಳು ಕಿಟಕಿಗೆ ಬರುತ್ತವೆ, ಕೊಕ್ಕು ತೆರೆಯುತ್ತವೆ, ಸದ್ದಿಲ್ಲ. ಬಿಸಿಲಿಗೆ ಗಂಟಲು ಒಣಗಿರಬೇಕು. ಟ್ರಾನ್ಸ್‌ಫಾರ್ಮರ್ ಮಾತ್ರ ಹಗಲೂ ರಾತ್ರಿ ಗುಂಯ್ ಅನ್ನುತ್ತದೆ. ಭಾರತಮ್ಮ ಈಚೆಗೆ ಬೆಕ್ಕಿನ ಹಾಗೆ ಬಂದು ಬೆನ್ನಹಿಂದೆ ನಿಲ್ಲುತ್ತಾಳೆ. ಹೆಂಡತಿ ಬಂದದ್ದಕ್ಕೆ ಬೆಚ್ಚಿಬೀಳುವ ಗಂಡ ನಾನೊಬ್ಬನೇ ಇರಬೇಕು.

ಏಪ್ರಿಲ್ ೧೯, ಮಂಗಳವಾರ

ಮುನಿಯಲ್ಲಪ್ಪ ಬಂದಿದ್ದ. ಮುಳಬಾಗಿಲಿನಲ್ಲಿ ಎರಡು ಮದುವೆ ಮುಗಿಸಿದನಂತೆ. ಹೊಸ ಅಂಗಿ, ಕೈಗೆ ಗಡಿಯಾರ. ಮಾತೆಲ್ಲ ಬಾಯೊಳಗೇ. ಯಜಮಾನಿಕೆ ಬಂದವರಿಗೆ ಬಾಯಿ ಅಗಲ ತೆರೆಯುವುದೂ ಭಾರ.

"ಏನ್ಲಾ ಗೊಣಗ್ತಾ ಇದೀಯ, ಸರ್ಯಾಗಿ ಮಾತಾಡು," ಅಂದೆ.

"ಸರ್ಯಾಗೇ ಮಾತಾಡ್ತಾ ಇದೀನಿ ಬಾವ," ಅಂತ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಕ್ಕನ ಗಂಡನ ಮೇಲೆ ದನಿ ಎತ್ತುವಷ್ಟು ಬೆಳೆದಿದ್ದಾನೆ.

ಆಗ ಹೊಳೆಯಿತು. ಪೆಟ್ಟಿಗೆ ಪ್ಲೇಯರಿನ ಒಳ್ಳೆಯ ಮುಳ್ಳು ಕಿತ್ತು, ಸವೆದದ್ದನ್ನು ಹಾಕಿ ಹೋಗಿದ್ದಾನೆ. ಅದಕ್ಕೇ ಮೆಲುದನಿ ಎತ್ತುತ್ತಿಲ್ಲ. ಕೇಳಿದೆ. ತಾಯಾಣೆ ಇಟ್ಟ. ಆಣೆ ಇಟ್ಟ ಮೇಲೆ ಅನುಮಾನ ಇನ್ನೂ ಗಟ್ಟಿಯಾಯಿತು. "ಕಳ್ಳನ ಕೈಗೆ ಬೀಗದಕೈ ಕೊಟ್ಟೆ," ಅಂದುಬಿಟ್ಟೆ. ಅವನು ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ಟೀ ಕುಡಿಯದೆ ಹೋದ.

ಸಂಜೆ ಕರೆಂಟು ಹೋಯಿತು. ಊರೆಲ್ಲ ಕತ್ತಲೆ. ಕರೆಂಟು ಹೋದ ಮೇಲೂ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಲೇ ಇದೆ. ಇಲಾಖೆಯವರಿಗೆ ಅರ್ಜಿ ಬರೆಯಬೇಕು.

ಏಪ್ರಿಲ್ ೨೫

ಕಟ್ಟಿನೊಳಗೆ ನವೆ. ಕೋಣೆ ದಿನಾ ಒಂದು ಗೇಣು ಚಿಕ್ಕದಾಗುತ್ತಿದೆ.

ಮೇ ೨, ಸೋಮವಾರ

ಕೋಲಾರದಿಂದ ಹೊಸ ಮುಳ್ಳು ತರಿಸಿದೆ, ಹೊಸ ಸೆಲ್ಲೂ ತರಿಸಿದೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಹಾಕಿದೆ. ಡೋಲಿನ ಹೊಡೆತಕ್ಕೆ ಬೀರುವಿನ ಗಾಜು ನಡುಗಿತು. ನಡುವಿನ ಆರು ನಿಮಿಷ ಮಾತ್ರ ಮೊದಲಿನ ಹಾಗೇ ಖಾಲಿ. ಹಾಗಾದರೆ ಮುಳ್ಳಿನ ತಪ್ಪಲ್ಲ. ಪ್ಲೇಟೇ ಮೋಸ.

ಭಾರತಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ಖಾಲಿ ಭಾಗ ಬಂದ ಹೊತ್ತಿಗೆ ಒಳಗೆ ಬಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಮಂಚದ ತುದಿಯಲ್ಲಿ ಕೂತಳು. ಡೋಲು ವಾಪಸು ಬರುವವರೆಗೂ ಏಳಲಿಲ್ಲ.

"ಚೆನ್ನಾಗೈತೆ," ಅಂದಳು. "ಸಣ್ಣ ಗಂಟೆ ಐತಲ್ಲ, ದೂರದಾಗೆ ಯಾರೋ ಕುರಿ ಹೊಡ್ಕೊಂಡು ಹೋದಂಗೆ."

"ಯಾವ ಗಂಟೆ? ಮೇಷ್ಟ್ರು ಹೇಳಿಕೊಟ್ರಾ?"

ಅವಳು ನನ್ನ ಮುಖವನ್ನೇ ನೋಡಿದಳು. ನೋಟ ನನಗೆ ಹಿಡಿಸಲಿಲ್ಲ. ಸತ್ತ ಮನೆಗೆ ಹೋದಾಗ ಹಾಗೆ ನೋಡುತ್ತಾರೆ. ಬೈದು ಕಳಿಸಿದೆ. ಓದು ಬರಹ ಬಾರದವಳೂ ಹೆಸರಿಗೆ ಮರುಳಾದರೆ ಇನ್ನು ಯಾರನ್ನು ನಂಬುವುದು.

ಮೇ ೯, ಸೋಮವಾರ

ಎಷ್ಟು ಸಲ ಹಾಕಿದ್ದೇನೋ ಲೆಕ್ಕ ತಪ್ಪಿದೆ. ಬೇರೆ ಪ್ಲೇಟಿಲ್ಲ, ಬೇರೆ ಕೆಲಸವಿಲ್ಲ. ಮೊದಲ ಹನ್ನೊಂದು ನಿಮಿಷ ಈಗ ಬಾಯಿಪಾಠ. ಸುಳ್ಳೇಕೆ, ಇಷ್ಟವಾಗಿದೆ. ನಮ್ಮ ಮದುವೆ ಹಾಡುಗಳು ಶುರುವಾಗಿ ಬಾಯಿ ಮುಚ್ಚುವಷ್ಟರಲ್ಲಿ ಮುಗಿಯುತ್ತವೆ. ಇದು ಬಂಗಾರಪೇಟೆ ಲೈನಿನ ಪ್ಯಾಸೆಂಜರ್ ರೈಲು, ಪ್ರತಿ ಸ್ಟೇಷನ್ನಿನಲ್ಲೂ ನಿಂತು ಹೊರಡುತ್ತದೆ. ಇಷ್ಟು ಚೆನ್ನಾಗಿ ಬಾರಿಸಬಲ್ಲವರು ನಡುವೆ ಯಾಕೆ ಸುಮ್ಮನಾದರು ಅನ್ನುವುದೇ ತಲೆ ತಿನ್ನುತ್ತದೆ.

ಮಧ್ಯಾಹ್ನ ನಾನು ಹಾಕದಿದ್ದರೆ ಭಾರತಮ್ಮನೇ ಹಾಕುತ್ತಾಳೆ. ಅವರೆಬೇಳೆ ಮೊರದಲ್ಲಿಟ್ಟುಕೊಂಡು ಕೂರುತ್ತಾಳೆ. ಖಾಲಿ ಭಾಗ ಬಂದಾಗ ಕೈ ನಿಲ್ಲುತ್ತದೆ. ಇವತ್ತು ನೋಡಿದೆ, ಅವಳ ತೋರುಬೆರಳು ಮೊರದ ಅಂಚಿನ ಮೇಲೆ ತಟ್ಟುತ್ತಿತ್ತು. ಮೂರು, ಬಿಡುವು, ಎರಡು. ಮೂರು, ಬಿಡುವು, ಎರಡು. ತಾನು ತಟ್ಟುತ್ತಿದ್ದೇನೆಂಬ ಅರಿವೇ ಅವಳಿಗೆ ಇರಲಿಲ್ಲ. ನಾಟಕ ಆಡುವವರು ಹಾಗೆ ತಟ್ಟುವುದಿಲ್ಲ.

ಇದನ್ನು ಯಾಕೆ ಬರೆದೆನೋ. ಕಾಲು ನೋಯುತ್ತಿದೆ.

ಮೇ ೨೨, ಭಾನುವಾರ

ಕಟ್ಟು ಬಿಚ್ಚಿದರು. ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬಂದೆ. ಮರ ಹತ್ತುವುದು ಇನ್ನು ಈ ಜನ್ಮಕ್ಕಿಲ್ಲವಂತೆ. ಬೇಡ. ಕೂರಲು ಆಗುತ್ತದಲ್ಲ, ಕುರ್ಚಿ ಸಾಕು.

ಮುನಿಯಲ್ಲಪ್ಪನನ್ನು ಕರೆಸಿ ಹೇಳಿದೆ: ರಾಯಲ್ಪಾಡಿನಲ್ಲಿ ನೀನು ಹಾರನ್ ಕಟ್ಟು, ವೈರು ಎಳೆ, ಆಂಪ್ಲಿಫೈಯರ್ ಹತ್ತಿರ ಸುಳಿಯಬೇಡ. ಭಾರತಮ್ಮ ನಡುವೆ ಬಂದಳು. "ಅವ್ನೂ ಪಕ್ದಾಗೆ ಕೂತ್ಕೊಳ್ಲಿ ಬಿಡ್ರಿ. ಎರಡು ತಿಂಗ್ಳಾದ್ಮೇಲೆ ಹೋಗ್ತಾ ಇದೀರ." ತಮ್ಮನ ಪರ ವಕಾಲತ್ತು. ಮನೆಯೊಳಗೇ ಎರಡು ಪಾರ್ಟಿ. ಇಬ್ಬರೂ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ಗೊತ್ತು. ಅಂಗಡಿ ತಮ್ಮನ ಹೆಸರಿಗೆ ಮಾಡಿಸುವ ಯೋಚನೆಯೇ ಇರಬೇಕು.

ಮೇ ೨೮, ಶನಿವಾರ

ನಿನ್ನೆ ನಡೆದದ್ದನ್ನು ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಥರ ಹೇಳಿಕೊಳ್ಳುತ್ತೇನೆ.

ಬೆಳಗಿನವರೆಗೂ ಎಲ್ಲ ಸರಿಯಿತ್ತು. ದೊಡ್ಡಮುನಿಯಪ್ಪನವರು ಬಂದು ಭುಜ ತಟ್ಟಿ ಹೋದರು. ಚಪ್ಪರದ ಪಕ್ಕ ಕುರ್ಚಿ, ಮುಂದೆ ಆಂಪ್ಲಿಫೈಯರ್, ಕೈಯಲ್ಲಿ ಪ್ಲೇಟು. ಎರಡು ತಿಂಗಳಾದ ಮೇಲೆ ಮನುಷ್ಯನಾದೆ ಅನ್ನಿಸಿತು.

ಮುಹೂರ್ತಕ್ಕೆ ಪುರೋಹಿತರ ಮುಂದೆ ಮೈಕ್ ಇಟ್ಟೆ. ಮಂತ್ರ ಸಣ್ಣಗೆ ಬರುತ್ತಿದೆ ಅನ್ನಿಸಿ ಗುಂಡಿ ಏರಿಸಿದೆ. ಸಾಲದೆನಿಸಿ ಇನ್ನೂ ಏರಿಸಿದೆ. ತಾಳಿ ಕಟ್ಟುವ ಹೊತ್ತು. ಎಲ್ಲರ ಕೈಯಲ್ಲೂ ಅಕ್ಷತೆ. ಅಕ್ಷತೆ ಎರಚಬೇಕಾದ ಜನ ಅದನ್ನು ನೆಲಕ್ಕೆ ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಅಜ್ಜಿಯೊಬ್ಬಳು ಬಗ್ಗಿ ತಲೆ ಮೊಣಕಾಲಿಗೆ ಒತ್ತಿಕೊಂಡಳು. ತೊಟ್ಟಿಲ ಮಗು ಬಾಯಿ ಬಿಟ್ಟು ಅಳುತ್ತಿತ್ತು. ಇದೇನು ಈ ಕಡೆಯ ಪದ್ಧತಿಯೋ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನಾನೊಬ್ಬ ಕೈಕಟ್ಟಿ ನಗುತ್ತಾ ಕೂತಿದ್ದೆ.

ಮುನಿಯಲ್ಲಪ್ಪ ಹಾರನ್ ಕಟ್ಟಿದ್ದ ಮರದಿಂದ ಜಾರಿಕೊಂಡೇ ಇಳಿದು ಓಡಿ ಬಂದು ಗುಂಡಿಗೆ ಕೈ ಹಾಕಿದ. ಎಲ್ಲರೆದುರು ನನ್ನ ಕುರ್ಚಿಗೆ ಕೈ ಹಾಕಿದನಲ್ಲ ಅಂತ ಅವನ ಕೆನ್ನೆಗೆ ಹೊಡೆದೆ. ಅವನು ಹೊಡೆಸಿಕೊಂಡು, ಗುಂಡಿ ತಗ್ಗಿಸಿ, ಹಾಗೇ ನಿಂತ. ಜನ ಒಬ್ಬೊಬ್ಬರಾಗಿ ಕಿವಿಯಿಂದ ಕೈ ತೆಗೆದರು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಒಂದು ಕಾಳು ಅಕ್ಷತೆ ಮೇಲೆ ಬಿದ್ದಿರಲಿಲ್ಲ. ದೊಡ್ಡಮುನಿಯಪ್ಪನವರು ನನ್ನ ಮುಂದೆ ನಿಂತು ತೆಲುಗಿನಲ್ಲಿ ಏನೋ ಹೇಳುತ್ತಿದ್ದರು. "ಚೆವಿಟಿವಾಡು" ಅನ್ನುವ ಒಂದು ಮಾತು ತುಟಿಯ ಮೇಲೆ ಓದಿಕೊಂಡೆ. ಕಿವುಡ.

ಹಾರನ್ನಿನ ದನಿ ಮೈಕಿಗೇ ವಾಪಸು ಹೊಕ್ಕು ಕೂಗಿತ್ತು. ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವುದೇ ಆ ಕೂಗು ಹುಟ್ಟದಂತೆ ನೋಡಿಕೊಳ್ಳುವುದನ್ನು. ಅರ್ಧ ಮೈಲಿ ದೂರದ ತೋಪಿನಲ್ಲಿದ್ದವರಿಗೂ ಕೇಳಿಸಿತಂತೆ.

ಮೇ ೩೧

ಬರೆಯಲು ಏನೂ ಇಲ್ಲ.

ಜೂನ್ ೩, ಶುಕ್ರವಾರ

ಕೋಲಾರದ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ನರ ಸೋತಿದೆ, ಮದ್ದಿಲ್ಲ ಅಂದರು. ಮನೆಗೆ ಬಂದು ಭಾರತಮ್ಮನಿಗೆ ಹೇಳಿದೆ: ಬೆನ್ನಹಿಂದೆ ನಿಂತು ಒಂದೊಂದೇ ಸದ್ದು ಮಾಡು.

ಒರಳುಕಲ್ಲು ಕೇಳಿತು. ಸೈಕಲ್ ಬೆಲ್ಲು ಇಲ್ಲ. ಬೀದಿಯ ಲಾರಿ ಕೇಳಿತು. ಗುಬ್ಬಿ ಇಲ್ಲ. ಕೊನೆಗೆ ಬಳೆ ಆಡಿಸಿದಳಂತೆ. ಅದೂ ಇಲ್ಲ. ಹದಿನೈದು ವರ್ಷ ಇವಳು ಮನೆಯಲ್ಲಿ ಎಲ್ಲಿದ್ದಾಳೆ ಅಂತ ಆ ಬಳೆಗಳಿಂದಲೇ ತಿಳಿಯುತ್ತಿದ್ದವನು ನಾನು. ಯಾವತ್ತು ನಿಂತವು ಅಂತಲೂ ಗೊತ್ತಾಗಲಿಲ್ಲ. ಗುಂಯ್ ಅನ್ನುತ್ತಿದ್ದುದು ಟ್ರಾನ್ಸ್‌ಫಾರ್ಮರ್ ಅಲ್ಲ, ನಾನೇ.

ಹೆದರಿಕೆಯಾಗುತ್ತದೆ. ಕಾಲಿನದಾದರೆ ಕಟ್ಟಿದರು, ಬಿಚ್ಚಿದರು. ಇದು ಬಿಚ್ಚುವ ಕಟ್ಟಲ್ಲ. ಈ ಹತ್ತಡಿ ಕೋಣೆಯಿಂದ ಹೊರಗೆ ಹೋದರೂ ಕೋಣೆ ನನ್ನ ಜೊತೆಗೇ ಬರುತ್ತದೆ.

ಸಂಜೆ ಮುನಿಯಲ್ಲಪ್ಪನ ಮನೆಗೆ ನಾನೇ ಕೋಲೂರಿಕೊಂಡು ಹೋದೆ. ಅವನ ಕೆನ್ನೆ ನೋಡಲಾಗಲಿಲ್ಲ. "ಮುಳ್ಳು ನೀನು ಕದ್ದಿರ್ಲಿಲ್ಲ. ಕುಣಿಯಲಾರದವನು ನಾನು, ನೆಲ ಡೊಂಕು ಅಂದೆ," ಅಂದೆ. ಅಂಗಡಿಯ ಬೀಗದಕೈ ಕೊಟ್ಟೆ.

"ನಿನಗೆ ಮೊದಲೇ ಗೊತ್ತಿತ್ತೇನೋ?"

ಮಾರ್ಚಿನ ಎಲೆಕ್ಷನ್ ಪ್ರಚಾರದ ಸಮಯದಿಂದಲೇ ಗೊತ್ತಿತ್ತಂತೆ. ಒಂದು ತಿಂಗಳು ಜೀಪಿಗೆ ಕಟ್ಟಿದ ಹಾರನ್ ಪಕ್ಕದಲ್ಲಿ ಕೂತು ಬಂದ ಮೇಲೆ ನಾನು ಕರೆದರೆ ತಿರುಗುತ್ತಿರಲಿಲ್ಲವಂತೆ.

"ಹೇಳೋದಲ್ವೇನ್ಲಾ."

ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದು ನಿಧಾನವಾಗಿ ಹೇಳಿದ: "ಹೆಂಗ್ ಹೇಳ್ಲಿ ಬಾವ. ನನಗೆ ಸೆಟ್ಟು ಕಲಿಸ್ದೋನು ನೀನು." ಗೊಣಗದೆ ಹೇಳಿದ. ಪಾಪ, ಯಾವತ್ತೂ ಗೊಣಗಿರಲೇ ಇಲ್ಲ.

ಜೂನ್ ೫, ಭಾನುವಾರ

ಮಧ್ಯಾಹ್ನ ಭಾರತಮ್ಮನಿಗೆ ಪ್ಲೇಟು ಹಾಕು ಅಂದೆ. ಹನ್ನೊಂದನೇ ನಿಮಿಷಕ್ಕೆ ಎಲ್ಲ ನಿಂತಿತು. ನನಗೆ ನಿಂತಿತು. ಅಂಗೈ ಚಾಚಿದೆ. ಅವಳಿಗೆ ಅರ್ಥವಾಯಿತು. ಮೊರ ಕೆಳಗಿಟ್ಟು ನನ್ನ ಕೈಮೇಲೆ ತಟ್ಟತೊಡಗಿದಳು. ಗಂಟೆಗೆ ತೋರುಬೆರಳು: ಮೂರು, ಬಿಡುವು, ಎರಡು. ಕೊಳಲಿಗೆ ಅಂಗೈಯಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ಒಂದು ಗೀರು. ನಡುವೆ ಒಂದು ಕಡೆ ಕೈಯನ್ನು ಸುಮ್ಮನೆ ಇಟ್ಟಳು. "ಏನಾಯ್ತು?" ಅಂದೆ. "ಇಲ್ಲಿ ಅವ್ರೂ ಸುಮ್ನಿದಾರೆ," ಅಂದಳು.

ಆರು ನಿಮಿಷ ಆಯಿತು. ಧಡಾರನೆ ಡೋಲು ಬಂದಾಗ ಇಷ್ಟು ಬೇಗ ಯಾಕೆ ಬಂತು ಅನ್ನಿಸಿತು.

ಫೋರ್‌ಮನ್ ಟೋಪಿ ಹಾಕಿರಲಿಲ್ಲ.

೧೯೮೬, ಜನವರಿ ೧೯, ಭಾನುವಾರ

ಹಳೇ ಟ್ರಂಕಿನಲ್ಲಿ ಈ ಡೈರಿ ಸಿಕ್ಕಿತು. ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇವೆ.

ಈಗ ಎಲ್ಲ ಕ್ಯಾಸೆಟ್ಟು. ಮುನಿಯಲ್ಲಪ್ಪನ ಮೂರು ಸೆಟ್ಟು ಓಡುತ್ತವೆ. ಸುಟ್ಟ ಹಾರನ್ ಯೂನಿಟ್ಟುಗಳನ್ನು ನಾನು ಕೈಬೆರಳಲ್ಲೇ ಮುಟ್ಟಿ ಯಾವುದು ಹೋಗಿದೆ ಅಂತ ಹೇಳಿ ರಿಪೇರಿ ಮಾಡುತ್ತೇನೆ. ಹಳೇ ಪ್ಲೇಟುಗಳನ್ನೆಲ್ಲ ಬಿಸಿನೀರಿನಲ್ಲಿ ಮೆದುವಾಗಿಸಿ ಬಗ್ಗಿಸಿ ಹೂವಿನ ಬಟ್ಟಲು ಮಾಡಿ ಮಾರಿದರು. ನಮ್ಮ ಹೆಸರಾಂತ ಮದುವೆ ಹಾಡುಗಳೆಲ್ಲ ಈಗ ಯಾರ್ಯಾರದೋ ಕಿಟಕಿಯಲ್ಲಿ ಪ್ಲಾಸ್ಟಿಕ್ ಹೂವು ಹೊತ್ತಿವೆ. ಒಂದೇ ಒಂದು ಪ್ಲೇಟು ನಾನು ಕೊಡಲಿಲ್ಲ.

ಇವತ್ತು ವೆಂಕಟರಾಯಪ್ಪ ಮೇಷ್ಟ್ರು ಬಂದಿದ್ದರು. ರಿಟೈರಾಗಿ ಏಳು ವರ್ಷವಾಯಿತು, ತಲೆ ಹಂಜಿಯ ಹಾಗೆ ಬೆಳ್ಳಗಾಗಿದೆ. ಕೈಯಲ್ಲಿ ಇಂಗ್ಲಿಷ್ ಪೇಪರು. ನಮ್ಮ ಗಡ್ಡದವರ ಪ್ಲೇಟಿನ ಬಗ್ಗೆ ಮತ್ತೆ ಬರೆದಿದ್ದಾರಂತೆ. ಆ ಜಾತಿಯ ಸಂಗೀತದ ಕಾಲವೇ ಮುಗಿದು, ಅದನ್ನು ಆಡಿಕೊಂಡು ನಗುವವರು ಎದ್ದರೂ, ಇದರ ಹೆಸರು ಮಾತ್ರ ಹಾಗೇ ನಿಂತಿದೆಯಂತೆ. ನನಗೆ ಈಗ ಮಾತೂ ಕೇಳಿಸುವುದಿಲ್ಲವೆಂದು ಎಲ್ಲವನ್ನೂ ಸ್ಲೇಟಿನ ಮೇಲೆ ಬರೆದು ತೋರಿಸಿದರು. ಅಕ್ಷರ ಈಗಲೂ ಮೇಷ್ಟ್ರದೇ, ದುಂಡಗೆ.

"ಇನ್ನೊಂದ್ಸಲ ಆ ಕೊಳಲು ಕೇಳಿಸಪ್ಪ," ಅಂತ ಬರೆದರು.

ಭಾರತಮ್ಮ ಸಂತೆಗೆ ಹೋಗಿದ್ದಳು. ನಾನೇ ಹಾಕಿದೆ. ಮೇಷ್ಟ್ರು ಮೊದಲಿನಂತೆ ಕಣ್ಣು ಮುಚ್ಚಿ ಕೂತರು. ಮುಳ್ಳು ನಡುವಿಗೆ ಬಂತು. ಅವರು ಕಾದರು. ಹುಬ್ಬು ಗಂಟಿಕ್ಕಿತು. ಕೈಯನ್ನು ಕಿವಿಯ ಹಿಂದೆ ಮಡಿಸಿಟ್ಟುಕೊಂಡು ಪೆಟ್ಟಿಗೆಗೆ ಬಗ್ಗಿದರು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದರು: "ಪ್ಲೇಟು ಸವೆದುಹೋಗಿದೆ. ಈ ಭಾಗದಲ್ಲಿ ಏನೂ ಇಲ್ಲ."

ನಿನ್ನೆ ಮಧ್ಯಾಹ್ನವಷ್ಟೇ ಭಾರತಮ್ಮ ಅದನ್ನು ಪೂರ್ತಿ ಕೇಳಿದ್ದಳು.

 ಮೇಷ್ಟ್ರ ಕೈಯಿಂದ ಬಳಪ ತೆಗೆದಿಟ್ಟು, ಅವರ ಅಂಗೈಯನ್ನು ನನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡೆ. ತಿರುಗುವ ಪ್ಲೇಟಿನಲ್ಲಿ ಮುಳ್ಳು ಎಲ್ಲಿದೆ ಅಂತ ನೋಡಿದೆ. ಗಂಟೆ ಬರುವ ಜಾಗ ಬಂದಿತ್ತು. ಬೆರಳಿನಿಂದ ತಟ್ಟಿದೆ. ಮೂರು, ಬಿಡುವು, ಎರಡು.